ದೊರೆಯ ಆಟ, ಜಗಲಿಯ ಆಟ

ಅತ್ತಿಗುಂಡಿಯಿಂದ ಮೂಡಿಗೆರೆ, ಕಳಸದವರೆಗಿನ ಕಾಫಿ ಸೀಮೆಯಲ್ಲಿ ಆಷಾಢದ ಜಡಿಮಳೆ ಹಿಡಿದರೆ ಓಡಾಟ ಅರ್ಧಕ್ಕರ್ಧ ನಿಲ್ಲುತ್ತದೆ. ಘಟ್ಟದ ಕೆಳಗೆ ಆಟಿ ತಿಂಗಳಲ್ಲಿ ಅಟ್ಟದಿಂದ ಇಳಿಯುವ ಚೆನ್ನೆಮಣೆ ಮಲೆನಾಡಿಗೂ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಬಿಡುವು ಆಟವನ್ನು ಹುಟ್ಟಿಸೀತು, ಉಳಿಸಲಾರದು. ತಲೆಗೆ ಕೆಲಸ ಕೊಡುವ ಆಟ ಉಳಿಯುವುದು ಅದನ್ನು ಮೊದಲು ಕಟ್ಟಿದವರ ಜಾಣ್ಮೆಯಿಂದಲ್ಲ; ಕೈಗೆ ಸಿಕ್ಕಿದ್ದರಲ್ಲಿ ಯಾರು ಬೇಕಾದರೂ ಮತ್ತೆ ಕಟ್ಟಿಕೊಳ್ಳಬಹುದು ಎಂಬುದರಿಂದ. ಇದಕ್ಕೆ ಮೈಸೂರಿನ ಅರಮನೆಯೇ ಸಾಕ್ಷಿ. 1831ರಲ್ಲಿ ಆಡಳಿತ ಬ್ರಿಟಿಷರ ಪಾಲಾದರೂ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಟದ ಹುಚ್ಚು ಇಳಿಯಲಿಲ್ಲ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗ ಕೌತುಕನಿಧಿ ಆಟಗಳಿಗೇ ಮೀಸಲು. ಅವರು ರೂಪಿಸಿದ ಛದ್ ಎಂಬ ಇಸ್ಪೀಟಿನಾಟದಲ್ಲಿ 360 ಎಲೆಗಳ ಕಟ್ಟೂ ಇತ್ತು. ಒಂದೊಂದು ಎಲೆಗೂ ಚಿತ್ರಗಾರ ಬೇಕು. ಇಂದು ಅದನ್ನು ನೋಡಬೇಕಾದರೆ ಸಂಗ್ರಹಾಲಯಕ್ಕೇ ಹೋಗಬೇಕು. ಅದೇ ದೊರೆ ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಇಳಿಸಿ, ಹೆಜ್ಜೆಯ ಅಂಕಿಗಳನ್ನು ಉದ್ದಕ್ಕೆ ಕೂಡಿದರೂ ಅಡ್ಡಕ್ಕೆ ಕೂಡಿದರೂ 260 ಬರುವಂತೆ ಹೊಂದಿಸಿದರು. ಕುದುರೆಯ ನಡೆಯ ಸಮಸ್ಯೆ ಅವರದಲ್ಲ, ಒಂಬತ್ತನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲೇ ಇದೆ. ಅದಕ್ಕೆ ಬೇಕಾದದ್ದು ಸ್ಲೇಟು, ಬಳಪ. ಹಾಗಾಗಿ ಈಗಲೂ ಜನ ಅದರ ಮುಂದೆ ತಲೆ ಕೆರೆದುಕೊಳ್ಳುತ್ತಾರೆ.

ಚೆನ್ನೆಮಣೆ ಇಬ್ಬರ ಪಂದ್ಯ, ಒಗಟಲ್ಲ ಎನ್ನುವವರಿದ್ದಾರೆ. ಏಳೇಳು ಗುಳಿಗಳ ಎರಡು ಸಾಲು, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಒಂದು ಗುಳಿಯದನ್ನು ಎತ್ತಿ ಒಂದೊಂದಾಗಿ ಬಿಡುತ್ತ ಹೋಗಬೇಕು. ಒಂದು ಬಗೆಯ ಆಟದಲ್ಲಿ, ಕೈ ಖಾಲಿಯಾದಾಗ ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯದು ಆಡಿದವರಿಗೆ. ದಾಳವಿಲ್ಲ, ಅದೃಷ್ಟವಿಲ್ಲ, ಬಚ್ಚಿಟ್ಟ ಎಲೆಯಿಲ್ಲ. ಎಲ್ಲ ಕಣ್ಣೆದುರಿಗಿದ್ದೂ ಎಲ್ಲಿಂದ ಎತ್ತಬೇಕೆಂದು ಹೊಳೆಯದಿರುವುದು ಒಗಟಲ್ಲದೆ ಇನ್ನೇನು? ಒಬ್ಬರೇ ಕೂತು ಆಡುವ ಸೀತೆಯಾಟವಂತೂ ಅಪ್ಪಟ ಒಗಟು. ತುಳುವರ ಕಥನಗೀತೆ ಸಿರಿ ಪಾಡ್ದನದಲ್ಲಿ ಅಬ್ಬಗ–ದಾರಗ ಎಂಬ ಅವಳಿ ಅಕ್ಕತಂಗಿಯರ ಸಾವಿಗೆ ಕಾರಣವೇ ಚೆನ್ನೆಯ ಜಗಳ. 360 ಎಲೆಗಳ ಕಟ್ಟಿನ ಮೇಲೆ ಯಾರೂ ಪಾಡ್ದನ ಕಟ್ಟಲಿಲ್ಲ.

ಇದಕ್ಕಿಂತ ಗಟ್ಟಿ ಆಕ್ಷೇಪವೆಂದರೆ ರೂಬಿಕ್ ಕ್ಯೂಬ್. ಹಂಗೆರಿಯ ಎರ್ನೊ ರೂಬಿಕ್ ಅದನ್ನು ಮಾಡಿದ್ದು 1974ರಲ್ಲಿ. ಜಗಲಿಯಲ್ಲಿ ಕೂತು ಕೆತ್ತಲಾಗದು, ಕಾರ್ಖಾನೆಯೇ ಬೇಕು; ಆದರೂ ಉಳಿದಿದೆ. ಒಪ್ಪೋಣ. ಆದರೆ ಬುಡಾಪೆಸ್ಟಿನಲ್ಲಿ 1982ರಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ನಂತರದ್ದು ನಡೆದದ್ದು 2003ರಲ್ಲಿ, ಟೊರಾಂಟೊದಲ್ಲಿ. ಆ ಇಪ್ಪತ್ತು ವರ್ಷ ಕಾರ್ಖಾನೆಯೂ ಇತ್ತು, ಹೆಸರೂ ಇತ್ತು, ಆಡುವವರ ಗುಂಪು ಮಾತ್ರ ಚದುರಿತ್ತು. ಬಿಡಿಸುವ ಉಪಾಯಗಳು ಇಂಟರ್ನೆಟ್ಟಿನಲ್ಲಿ ಒಬ್ಬರಿಂದ ಒಬ್ಬರಿಗೆ ದಾಟತೊಡಗಿದ ಮೇಲೇ ಅದು ಎರಡನೇ ಸಲ ಚಿಗುರಿತು.