ಗಂಟು

ನವಲಗುಂದದ ಎರೆಹೊಲಕ್ಕೆ ಹೋಗುವ ಹೆಣ್ಣುಮಕ್ಕಳ ತಲೆಯ ಮೇಲೆ ಬೆಳಿಗ್ಗೆ ಬುತ್ತಿಗಂಟು, ಸಂಜೆ ಹತ್ತಿಗಂಟು. ಕೂಡಿಟ್ಟ ದುಡ್ಡು ಇಡುಗಂಟು; ಖರ್ಚಾದರೆ ‘ಗಂಟು ಕರಗಿತು’. ಬೆನ್ನು ಬಿಡದವರು ಗಂಟುಬಿದ್ದವರು. ಸುಮ್ಮನೆ ಅಡ್ಡ ಬಾಯಿ ಹಾಕಿದವರಿಗೆ ಅಣ್ಣಿಗೇರಿಯ ಕಟ್ಟೆಯ ಮೇಲೆ ಸಿಗುವ ಉತ್ತರ: ‘ನಿಮ್ಮಪ್ಪನ ಗಂಟೇನ ಹೋಗತೈತಿ?’

ತಲೆಯ ಮೇಲಿನ ಗಂಟು ಸಿರಿ, ಮೈಯೊಳಗಿನ ಗಂಟು ಭಯ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದ ಮೇಲಂತೂ ಕುಂದಗೋಳ, ಕಲಘಟಗಿಯ ಕೊಟ್ಟಿಗೆಗಳಲ್ಲಿ ಈ ಮಾತೇ ಅಪಶಕುನ.

ಆದರೆ ನಿರೋಗಿ ಮೈಯಲ್ಲಿ ಇರಲೇಬೇಕಾದ ಗಂಟೂ ಒಂದಿದೆ. ಓಣಿಯ ಕಂತ್ರಿ ನಾಯಿಮರಿಯಾಗಲಿ, ಮುಧೋಳ ತಳಿಯದಾಗಲಿ, ಹೃದಯದ ಮುಂದೆ, ಪುಪ್ಪುಸಗಳ ನಡುವೆ, ಎಸಳೆಸಳಾದ ಮೆತ್ತನೆಯ ಅಂಗ. ಪುಸ್ತಕಗಳಲ್ಲಿ ಥೈಮಸ್ ಗ್ರಂಥಿ. ಗ್ರಂಥಿಯೆಂದರೂ ಗಂಟೇ, ಓಲೆಗರಿ ಕಟ್ಟಿದ ಗ್ರಂಥವೂ ಅದೇ ಧಾತುವಿನದು. ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಪ್ರತಿ ಎಸಳಿನ ಅಂಚು ಕಪ್ಪಗೆ, ನಡು ತಿಳಿ. ಅಂಚು ಕಪ್ಪಗಿರುವುದು ಎಳೆಯ ಜೀವಕೋಶಗಳು ಅಲ್ಲಿ ಒತ್ತೊತ್ತಾಗಿ ಕಿಕ್ಕಿರಿದಿರುವುದರಿಂದ. ನಡುವೆ ಅಲ್ಲಲ್ಲಿ ಸುರುಳಿ ಸುತ್ತಿದಂಥ ಕಾಯಗಳು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ವೈದ್ಯ ಹ್ಯಾಸಲ್‌ನ ಹೆಸರು ಅವಕ್ಕೆ ಅಂಟಿದೆ. ಆ ಎಳೆಯ ಕೋಶಗಳಿಗೆ ಈ ಅಂಗವೇ ಪರೀಕ್ಷೆಯ ಕೋಣೆ: ಹೊರಗಿನ ವೈರಿಯನ್ನು ಗುರುತಿಸಲಾರದ ಕೋಶ, ಸ್ವಂತ ಮೈಯನ್ನೇ ವೈರಿ ಎಂದುಕೊಳ್ಳುವ ಕೋಶ, ಎರಡಕ್ಕೂ ಇಲ್ಲೇ ಸಾವು. ಬಹುಪಾಲು ಸಾಯುತ್ತವೆ. ಪಾಸಾದವೇ ಮೈ ಕಾಯುವ ಟಿ ಕೋಶಗಳು. ‘ಟಿ’ ಎಂದರೆ ಥೈಮಸ್. ಇಷ್ಟು ದೊಡ್ಡ ಕಾರಖಾನೆಯನ್ನು ಕೆಲಸಕ್ಕೆ ಬಾರದ ಅಂಗವೆಂದು ಬಹುಕಾಲ ತಳ್ಳಿಹಾಕಿದ್ದರು. 1961ರಲ್ಲಿ ಲಂಡನ್ನಿನಲ್ಲಿ ಜಾಕ್ ಮಿಲ್ಲರ್, ಹುಟ್ಟಿದ ಕೂಡಲೇ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಸೋಂಕು ತಡೆಯುವ ಬಲವೇ ಅವಕ್ಕೆ ಉಳಿಯಲಿಲ್ಲ.

ನಾಯಿಮರಿಗೆ ನಾಲ್ಕೈದು ತಿಂಗಳಾಗಿ ಹಾಲುಹಲ್ಲು ಬೀಳುವ ಹೊತ್ತಿಗೆ ಥೈಮಸ್ ಕುಗ್ಗತೊಡಗಿ, ಆ ಜಾಗದಲ್ಲಿ ಕೊಬ್ಬು ತುಂಬುತ್ತದೆ. ಇಲ್ಲಿ ಗಂಟು ಕರಗಿತೆಂದು ಮರುಗಬೇಕಿಲ್ಲ. ಅಷ್ಟರಲ್ಲಿ ಅದರ ಗಳಿಕೆಯೆಲ್ಲ ಗುಲ್ಮಕ್ಕೂ ದುಗ್ಧಗ್ರಂಥಿಗಳಿಗೂ ಸಂದಿರುತ್ತದೆ.

ಥೈಮಸ್ಸಿಗೆ ‘ಎದೆಗಂಟು’ ಎಂಬ ಅಚ್ಚಗನ್ನಡ ಹೆಸರಿಡುವ ಆಸೆ ನನಗೂ ಹುಟ್ಟಿತ್ತು. ಬೇಡ. ನಮ್ಮ ಊರುಗಳಲ್ಲಿ ಆ ಪದ ಕೇಳಿದವರು ಆವತ್ತು ಉಣ್ಣುವುದಿಲ್ಲ. ಪಶುವೈದ್ಯರಲ್ಲಿ ವಿನಂತಿ ಇಷ್ಟೇ: ಮರಿಯ ಎಕ್ಸ್‌ರೇಯಲ್ಲಿ ಹೃದಯದ ಮುಂದೆ, ಎಡಕ್ಕೆ, ತ್ರಿಕೋನದ ನೆರಳು ಕಂಡರೆ ಯಜಮಾನರಿಗೆ ‘ಗಂಟೈತಿ’ ಅನ್ನಬೇಡಿ. ‘ಥೈಮಸ್ ಐತ್ರಿ, ಸಣ್ಣ ಮರಿಗೆ ಇರೂದ’ ಅನ್ನಿ.