ಆ ‘ಎ’ ಯಾರನ್ನ ಕಾಪಾಡ್ತಿದೆ?

ಸಿನಿಮಾ ಶುರುವಾಗೋ ಮೊದಲು ಪರದೆ ಮೇಲೆ ಒಂದು ಸರ್ಟಿಫಿಕೇಟ್ ಬರುತ್ತಲ್ಲ, ಅದನ್ನ ಯಾವತ್ತಾದ್ರೂ ಓದಿದ್ದೀರಾ? ಆ ಹೊತ್ತಿಗೆ ನಾವೆಲ್ಲ ಕತ್ತಲಲ್ಲಿ ಸೀಟ್ ಹುಡುಕ್ತಾ ಇರ್ತೀವಿ. ಆದರೆ ಆ ಹಾಳೆಯ ಹಿಂದೆ ನೂರು ವರ್ಷಕ್ಕೂ ಹಳೆಯ ಕಥೆ ಇದೆ.

👉 1918ರಲ್ಲಿ ಬ್ರಿಟಿಷರು ಸಿನಿಮಾಟೋಗ್ರಾಫ್ ಕಾಯ್ದೆ ತಂದರು. 1920ರಲ್ಲಿ ಬಾಂಬೆ, ಮದ್ರಾಸ್, ಕಲ್ಕತ್ತಾ, ರಂಗೂನ್‌ನಲ್ಲಿ ಸೆನ್ಸಾರ್ ಮಂಡಳಿಗಳು ಬಂದವು. 1921ರ ‘ಭಕ್ತ ವಿದುರ’ ಅನ್ನೋ ಮೂಕಿ ಚಿತ್ರಕ್ಕೆ ಮದ್ರಾಸ್‌ನಲ್ಲಿ ನಿಷೇಧ ಬಿತ್ತು. ಮಹಾಭಾರತದ ಕಥೆಯಲ್ಲಿ ತಪ್ಪೇನು ಅಂತೀರಾ? ವಿದುರ ಖಾದಿ ತೊಟ್ಟು, ಗಾಂಧಿ ಟೋಪಿ ಹಾಕ್ಕೊಂಡಿದ್ದ! ಮಕ್ಕಳ ಚಿಂತೆ ಅಲ್ಲಿ ಯಾರಿಗಿತ್ತು? ಸರ್ಕಾರಕ್ಕೆ ತನ್ನದೇ ಚಿಂತೆ.

👉 ವಯಸ್ಸಿನ ಲೆಕ್ಕ ಬಂದಿದ್ದು 1949ರ ತಿದ್ದುಪಡಿಯಲ್ಲಿ. ಎಲ್ಲರಿಗೂ ‘ಯು’, ದೊಡ್ಡವರಿಗೆ ಮಾತ್ರ ‘ಎ’. ಕೇಳೋಕೆ ಸರಳ, ಅಲ್ವಾ? ಕೆ.ಎ. ಅಬ್ಬಾಸ್ ಅವರನ್ನ ನೋಡಿ. ನಾಲ್ಕು ಮಹಾನಗರಗಳ ಸಿರಿತನ, ಬಡತನ ಎರಡನ್ನೂ ಎದುರುಬದುರು ಇಟ್ಟು 1968ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಬಾಂಬೆಯ ವೇಶ್ಯಾವಾಟಿಕೆಯ ಬೀದಿ ಇತ್ತು. ಮಂಡಳಿ ‘ಎ’ ಅಂದಿತು. ಅಬ್ಬಾಸ್ ಸುಪ್ರೀಂ ಕೋರ್ಟಿಗೆ ಹೋದರು. ಕೇಸ್ ನಡೀತಿರುವಾಗಲೇ ಸರ್ಕಾರ ಒಂದೂ ದೃಶ್ಯ ಕತ್ತರಿಸದೆ ‘ಯು’ ಕೊಡೋಕೆ ಒಪ್ಪಿಬಿಡ್ತು. ಅದೇ ಚಿತ್ರ, ಅದೇ ಬೀದಿ. ಬದಲಾಗಿದ್ದು ಅಕ್ಷರ ಮಾತ್ರ. ಅಬ್ಬಾಸ್ ಅಷ್ಟಕ್ಕೆ ಬಿಡಲಿಲ್ಲ. ಬಿಡುಗಡೆಗೆ ಮುಂಚೆ ಸೆನ್ಸಾರ್ ಮಾಡೋದೇ ತಪ್ಪು ಅಂತ ವಾದಿಸಿದರು. 1970ರಲ್ಲಿ ಕೋರ್ಟ್ ಅದನ್ನ ಒಪ್ಪಲಿಲ್ಲ. ಸಿನಿಮಾ ಬೇರೆ ಕಲೆಗಳಿಗಿಂತ ಹೆಚ್ಚು ಮನಸ್ಸು ಕಲಕುತ್ತೆ, ಅದಕ್ಕೆ ಬೇರೆ ನಿಯಮ ಇರಬಹುದು ಅಂದಿತು.

👉 ಅದೇ ಕಾಲಕ್ಕೆ ನಮ್ಮ ‘ಸಂಸ್ಕಾರ’. ಯು.ಆರ್. ಅನಂತಮೂರ್ತಿ ಅವರ ಕಾದಂಬರಿ ಎಲ್ಲರ ಕೈಗೂ ಸಿಗ್ತಿತ್ತು. ಪಟ್ಟಾಭಿರಾಮ ರೆಡ್ಡಿ ಅದನ್ನೇ ಸಿನಿಮಾ ಮಾಡಿದಾಗ ಮದ್ರಾಸ್ ಮಂಡಳಿ ತಡೆಹಿಡಿಯಿತು. ಜಾತಿಯ ಪ್ರಶ್ನೆ ಗಲಾಟೆ ಎಬ್ಬಿಸುತ್ತೆ ಅನ್ನೋ ಭಯ. ಕೊನೆಗೆ ಕೇಂದ್ರದ ಮಟ್ಟದಲ್ಲಿ ನಿಷೇಧ ತೆರವಾಯ್ತು. ಆಮೇಲೆ? 1970ರ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿ! ದೊಡ್ಡವರೂ ನೋಡಬಾರದು ಅಂದಿದ್ದ ಚಿತ್ರಕ್ಕೆ ದೇಶದ ದೊಡ್ಡ ಗೌರವ.

👉 1983ರಲ್ಲಿ ‘ಯುಎ’ ಬಂತು. 2023ರ ತಿದ್ದುಪಡಿ ಅದನ್ನ 7+, 13+, 16+ ಅಂತ ಮೂರು ಮಾಡ್ತು. ಈಗ ಲೆಕ್ಕ ನೋಡಿ. ‘ಯುಎ 16+’ ಚಿತ್ರಕ್ಕೆ ಹತ್ತು ವರ್ಷದ ಮಗುವನ್ನ ಅಪ್ಪ-ಅಮ್ಮ ಕರ್ಕೊಂಡು ಹೋಗಬಹುದು, ಯಾಕಂದ್ರೆ ಅದು ಅವರಿಗೆ ಕೊಡೋ ಸಲಹೆ ಅಷ್ಟೇ. ‘ಎ’ ಚಿತ್ರಕ್ಕೆ ಹದಿನೇಳರ ನೀವು ಅಮ್ಮನ ಕೈ ಹಿಡ್ಕೊಂಡು ಹೋದರೂ ಒಳಗೆ ಬಿಡಲ್ಲ.

ಎಚ್ಚರಿಕೆನೇ ಬೇಡ ಅಂತ ನಾನು ಹೇಳ್ತಿಲ್ಲ. ಪುಟ್ಟ ತಂಗಿ ಜೊತೆ ಕೂರುವಾಗ ಮುಂದೆ ಏನು ಬರುತ್ತೆ ಅಂತ ಗೊತ್ತಿರೋದು ಒಳ್ಳೇದೇ. ಆದರೆ ಏನಿದೆ ಅಂತ ಹೇಳೋದು ಬೇರೆ, ನೋಡಲೇಬೇಡ ಅನ್ನೋದು ಬೇರೆ. ಮುಂದಿನ ಸಲ ಆ ಸರ್ಟಿಫಿಕೇಟ್ ಬಂದಾಗ ಒಂದು ಕ್ಷಣ ಓದಿ. ಅದು ಕಾಪಾಡ್ತಿರೋದು ನಿಮ್ಮನ್ನೋ, ಇನ್ಯಾರದೋ ಭಯವನ್ನೋ?

ನಿಮ್ಮನ್ನ ಗೇಟಲ್ಲೇ ವಾಪಸ್ ಕಳಿಸಿದ ಸಿನಿಮಾ ಯಾವುದು? ಕಾಮೆಂಟಲ್ಲಿ ಹೇಳಿ 👇