ಹುಣಸೂರು: ಕಾವಲು ಸೀಮೆಯ ಒಂದು ಊರು

ಚರಿತ್ರೆಯ ಸ್ಥಳಗಳನ್ನು ನೋಡಲು ಹೊರಡುವವರು ಸಾಮಾನ್ಯವಾಗಿ ದೇವಾಲಯವನ್ನೋ ಕೋಟೆಯನ್ನೋ ಅರಸಿಕೊಂಡು ಹೋಗುವರು. ಹುಣಸೂರಿನ ಖ್ಯಾತಿ ಅಂತಹುದಲ್ಲ. ಇಲ್ಲಿಯ ಇತಿಹಾಸವು ಎತ್ತುಗಳದು, ಗಾಡಿಗಳದು, ಹುಲ್ಲುಗಾವಲುಗಳದು. ಆದರೂ ಮೈಸೂರಿನಿಂದ ಬೆಳಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದ ಪ್ರವಾಸಗಳಲ್ಲಿ ಇದಕ್ಕಿಂತ ಹೆಚ್ಚು ಬೋಧಪ್ರದವಾದುದು ವಿರಳ.

ಮೈಸೂರಿನಿಂದ ಪಶ್ಚಿಮಕ್ಕೆ, ಇಲವಾಲ ಬಿಳಿಕೆರೆಗಳನ್ನು ದಾಟಿ, ಸುಮಾರು 45 ಕಿಲೋಮೀಟರು ಸಾಗಿದರೆ ಲಕ್ಷ್ಮಣತೀರ್ಥದ ದಡದಲ್ಲಿ ಹುಣಸೂರು ಸಿಕ್ಕುತ್ತದೆ. ಈ ನದಿಯು ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಊರನ್ನು ತೊಳೆದು, ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಕೂಡುವುದು. ಇಂದು ಇಲ್ಲಿಗೆ ಬರುವವನು ಹೊಗೆಸೊಪ್ಪಿನ ಹೊಲಗಳನ್ನೂ ಮರದ ವ್ಯಾಪಾರವನ್ನೂ ಕಾಣುವನು. ಆದರೆ ಒಂದು ಕಾಲದಲ್ಲಿ ಮೈಸೂರು ಸೀಮೆಯ ಅಮೃತಮಹಲ್ ಇಲಾಖೆಯ ಕೇಂದ್ರಸ್ಥಾನ ಇದೇ ಆಗಿತ್ತು.

ಅಮೃತಮಹಲ್ ಎಂದರೇನು? ಶ್ರೀರಂಗಪಟ್ಟಣದ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ಸಾಕಿದ ಹಸುಗಳನ್ನು ಚಿಕ್ಕದೇವರಾಜ ಒಡೆಯರು (1673–1704) ಒಂದು ಇಲಾಖೆಯಾಗಿ ಏರ್ಪಡಿಸಿದರು. ಅದರ ಹೆಸರು ಬೆಣ್ಣೆ ಚಾವಡಿ. ಹೈದರನು ಪಾಳೆಯಗಾರರಿಂದ ಬಂದ ದನಗಳನ್ನೂ ಸೇರಿಸಿ ಅದನ್ನು ಬೆಳೆಸಿದನು. ಟೀಪೂ ಸುಲ್ತಾನನು ಅಮೃತಮಹಲ್ ಎಂದು ಹೆಸರಿಟ್ಟು, ಕಟ್ಟುನಿಟ್ಟಾದ ನಿಯಮಗಳನ್ನು ಬರೆಯಿಸಿದನು. ಬೆಣ್ಣೆಗಾಗಿ ಹುಟ್ಟಿದ ಚಾವಡಿ ಹೀಗೆ ಫಿರಂಗಿ ಎಳೆಯುವ ಎತ್ತುಗಳ ತವರಾಯಿತು. ಚಿದಂಬರದ ರಕ್ಷಣೆಗಾಗಿ ಹೈದರನ ಸೈನ್ಯವು ಎರಡೂವರೆ ದಿನದಲ್ಲಿ 100 ಮೈಲಿ ನಡೆದುದು ಈ ಎತ್ತುಗಳ ಬಲದಿಂದ ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ.

ಇಷ್ಟು ಕಸುವು ಎಲ್ಲಿಂದ ಬಂತು? ಉತ್ತರವು ಕಾವಲು ಎಂಬ ಮಾತಿನಲ್ಲಿಯೇ ಇದೆ. ಕಾಯ್ದಿಟ್ಟ ಹುಲ್ಲುನೆಲವೇ ಕಾವಲು. ಬೇಸಗೆಯದು, ಮಳೆಗಾಲದ್ದು, ಚಳಿಗಾಲದ್ದು ಎಂದು ಅವುಗಳಲ್ಲಿ ಮೂರು ಬಗೆ. ನೀರೂ ಮರದ ನೆರಳೂ ಇರುವ ಬೇಸಗೆಯ ಕಾವಲಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಹಿಂಡುಗಳು ಋತುವನ್ನನುಸರಿಸಿ ಒಂದರಿಂದ ಮತ್ತೊಂದಕ್ಕೆ ನಡೆದು, ಬಯಲಿನಲ್ಲಿಯೇ ಈದು, ಅರೆಕಾಡು ಪ್ರಾಣಿಗಳಂತೆ ಬೆಳೆಯುತ್ತಿದ್ದವು. ತಳಿಯ ಗುಣವು ನೆಲದೊಡನೆಯೂ ನಡಿಗೆಯೊಡನೆಯೂ ಬೆರೆತಿತ್ತು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಆಂಗ್ಲರಿಗೆ ಈ ಎತ್ತುಗಳ ಬೆಲೆ ಬೇಗನೆ ತಿಳಿಯಿತು. ಮೊದಲು ಮೈಸೂರು ಸರ್ಕಾರದ ವಶದಲ್ಲಿಯೇ ಇದ್ದ ಹಿಂಡು ಕ್ಷೀಣಿಸಲಾಗಿ, 1813ರಲ್ಲಿ ಮದರಾಸು ಸೈನ್ಯದ ಸರಬರಾಯಿ ಅಧಿಕಾರಿಯೊಬ್ಬನು ಅದನ್ನು ವಹಿಸಿಕೊಂಡನು. ಹುಣಸೂರಿನಲ್ಲಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಕೋಠಿ ಇವೆಲ್ಲ ಎದ್ದವು. ಸಿಪಾಯಿಯ ಬೂಟು, ಬೆನ್ನುಚೀಲ, ಮದ್ದಿನ ಚೀಲಗಳು ಇಲ್ಲಿ ಸಿದ್ಧವಾಗುತ್ತಿದ್ದವು.

ಅನಂತರ ಬಂದಿತು ಮಿತವ್ಯಯದ ಗಾಳಿ. 1860ರಲ್ಲಿ ಮದರಾಸಿನ ಗೌರ್ನರಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲಿಯನ್ನರ ಕಾಲದಲ್ಲಿ ಇಲಾಖೆಯನ್ನೇ ರದ್ದುಮಾಡಿ, ಹಿಂಡುಗಳನ್ನು ಮಾರಿಬಿಟ್ಟರು. 1864ರ ಹೊತ್ತಿಗೆ ಕಾರ್ಖಾನೆಗಳೂ ಮುಚ್ಚಿದವು. ಈ ಎರಡು ಮುಚ್ಚುಗಡೆಗಳ ಫಲ ಮಾತ್ರ ಒಂದೇ ಆಗಲಿಲ್ಲ. ಕಾರ್ಖಾನೆ ಹೋದರೂ ಕೆಲಸಗಾರರ ಕೈಯಲ್ಲಿ ವಿದ್ಯೆ ಉಳಿಯಿತು. ಅವರು ತಮ್ಮ ತಮ್ಮ ಮನೆಗಳಲ್ಲಿಯೇ ಚರ್ಮದ ಸಾಮಾನು, ಕಂಬಳಿ, ಗಟ್ಟಿಯಾದ ಗಾಡಿಗಳನ್ನು ಮಾಡಲು ತೊಡಗಿದುದರಿಂದ ಊರು ಬಹುಕಾಲ ಆ ಕಸಬುಗಳಿಗೆ ಹೆಸರಾಗಿತ್ತು. ಹಿಂಡಿಗೆ ಆ ಭಾಗ್ಯವಿರಲಿಲ್ಲ. ಚದರಿಹೋದ ತಳಿಯು ಯಾರ ಮನೆಯ ಕೊಟ್ಟಿಗೆಯಲ್ಲಿಯೂ ಮೊದಲಿನಂತೆ ಬೆಳೆಯಲಾರದು. ತಕ್ಕ ಎತ್ತುಗಳು ದೊರೆಯದೆ ಸರ್ಕಾರವು 1866ರಲ್ಲಿ ಇಲಾಖೆಯನ್ನು ಮತ್ತೆ ಕಟ್ಟಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಹಿಂದಿರುಗಿತು.

ಈಗ ತಳಿಯ ಸಂವರ್ಧನ ಕೇಂದ್ರವು ಬೀರೂರಿನ ಆಚೆಯ ಅಜ್ಜಂಪುರದಲ್ಲಿದೆ. ಒಮ್ಮೆ ನಾಲ್ಕು ಲಕ್ಷ ಎಕರೆಗೂ ಮಿಕ್ಕಿದ್ದ ಕಾವಲುಗಳು ಬೇಸಾಯಕ್ಕೂ ಬೇರೆ ಬೇರೆ ಕಾರ್ಯಗಳಿಗೂ ಹಂಚಿಹೋಗಿ ಬಹಳ ಕುಗ್ಗಿವೆ. ಚಳ್ಳಕೆರೆಯ ಬಳಿ ಸಾವಿರಾರು ಎಕರೆ ಕಾವಲು 2010ರ ಸುಮಾರಿಗೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಫಿರಂಗಿ ಎಳೆಯಲು ಇಂದು ಎತ್ತು ಬೇಡ, ಹೊಲವನ್ನು ಉಳಲು ಟ್ರಾಕ್ಟರು ಬಂದಿದೆ ಎಂದು ಕೆಲವರು ಹೇಳುವರು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಕಾವಲು ಎತ್ತಿಗೆ ಮಾತ್ರ ಆಶ್ರಯವಲ್ಲ. ಸುತ್ತಣ ಹಳ್ಳಿಗಳ ಕುರಿ ದನಗಳಿಗೆ ಅದೇ ಮೇವು, ಕೃಷ್ಣಮೃಗಕ್ಕೆ ಅದೇ ಮನೆ.

1860ರಲ್ಲಿಯೂ ಲೆಕ್ಕದ ಪುಸ್ತಕದಲ್ಲಿ ಹಿಂಡು ಬರಿಯ ಖರ್ಚಾಗಿಯೇ ಕಂಡಿತ್ತು. ಆರು ವರ್ಷಗಳಲ್ಲಿ ಆ ಲೆಕ್ಕ ತಪ್ಪೆಂದು ತಿಳಿದಾಗ, ಹಿಂಡನ್ನು ಪುನಃ ಕೂಡಿಸಲು ಕಾವಲುಗಳಾದರೂ ಉಳಿದಿದ್ದವು. ನೆಲವೇ ಹೋದ ಮೇಲೆ ಅಂತಹ ಎರಡನೆಯ ಅವಕಾಶ ದೊರೆಯದು. ಹುಣಸೂರಿಗೆ ಹೋಗುವವರು ಈ ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ, ಆ ಸಾಧಾರಣವಾದ ಪೇಟೆಯ ಬೀದಿಯೂ ಅವರೊಡನೆ ಮಾತನಾಡುವುದು.